ಕೋಟಿನವನ ಫೋಟೋ

“ಕಲ್ಲು ಒಡೆಯೋರ ಮನೇಲಿ ಡಿಗ್ರಿ? ಆಗದ ಮಾತು” ಅಂದವರು ನಮ್ಮ ದೊಡ್ಡಪ್ಪ ಹನುಮಂತಪ್ಪ. ಅದಾಗಿ ಆರು ವರ್ಷಕ್ಕೆ, ಮೆಟ್ರೋ ಇನ್ನೂ ದೆಹಲಿ ಪಕ್ಕದ ಘಾಜಿಯಾಬಾದ್ ಮುಟ್ಟಿರದ ಕಾಲದಲ್ಲಿ, ಅಲ್ಲಿನ ನನ್ನ ಬಾಡಿಗೆ ಕೋಣೆಯಿಂದ ಪದವಿ ಪ್ರಮಾಣಪತ್ರ ತರಲು ದೆಹಲಿಗೆ ಹೊರಟೆ. ಮರುದಿನ ಕೆಲಸದ ಸಂದರ್ಶನವಿತ್ತು. ಮೂಲ ಪತ್ರ ತೋರಿಸದಿದ್ದರೆ ಒಳಗೇ ಬಿಡುತ್ತಿರಲಿಲ್ಲ.

ಲೋಕಲ್ ರೈಲಿಗೆ ಆರು ರೂಪಾಯಿ. ನಿಂತುಕೊಂಡೇ ದೆಹಲಿ ತಲುಪಿ, ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದೆ. ಜುಲೈ ಸೆಕೆಗೆ ಅಂಗಿ ಬೆನ್ನಿಗಂಟಿತ್ತು. ಗೇಟಿನಲ್ಲಿ ಸೋದರಮಾವ ಅರ್ಧ ದಿನ ರಜೆ ಹಾಕಿ ಕಾಯುತ್ತಿದ್ದರು. ಅವರು ಕೇಂದ್ರ ಸರ್ಕಾರದ ಗುಮಾಸ್ತರು. ನನ್ನನ್ನು ದೆಹಲಿಗೆ ಕರೆತಂದವರೇ ಅವರು.

ಕೌಂಟರಿನವರು ಅರ್ಜಿಯ ಫೋಟೋ ನೋಡಿದರು, ನನ್ನನ್ನು ನೋಡಿದರು. “ಇದು ನೀನಲ್ಲ.”

ತಪ್ಪು ಅವರದಲ್ಲ. ಊರಿನ ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೋ ಅದು. ಎಲ್ಲರಿಗೂ ತೊಡಿಸುವ ಕೋಟನ್ನೇ ನನಗೂ ತೊಡಿಸಿ, ಪೌಡರ್ ಬಳಿದು, ಹುಬ್ಬಿನ ಮೇಲೆ ಕಲ್ಲಿನ ಚೂರು ಸಿಡಿದು ಆಗಿದ್ದ ಗಾಯದ ಗುರುತನ್ನು ಕುಂಚದಿಂದ ಅಳಿಸಿದ್ದರು. ಅವ್ವ ನೋಡಿ ಹಿಗ್ಗಿದ್ದಳು. ಗುರುತಿನ ಚೀಟಿಗೂ ನಾನು ಅದನ್ನೇ ಅಂಟಿಸಿದ್ದೆ.

ಹೊಸ ಫೋಟೋ ಬೇಕು, ಅದರ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು, ನಾಲ್ಕು ಗಂಟೆಯೊಳಗೆ ತರಬೇಕು.

“ಡಿಗ್ರಿ ಆ ಕೋಟಿನವನಿಗೇ ಕೊಡಲಿ ಬಿಡು,” ಅಂದರು ಮಾವ. “ಚಲೋ, ನಮ್ಮ ಕಿದ್ವಾಯಿ ನಗರಕ್ಕೆ. ಅಲ್ಲೆಲ್ಲ ಸರ್ಕಾರಿ ಕ್ವಾರ್ಟರ್ಸೇ, ಅಧಿಕಾರಿಗಳಿಗೇನು ಬರವೇ?”

ಆಟೋದವನು ತೊಂಬತ್ತು ಕೇಳಿ ಎಂಬತ್ತಕ್ಕೆ ಒಪ್ಪಿದ. ದಾರಿಯಲ್ಲಿ ಕೊಂಡ, ಕಪ್ಪು ಉಪ್ಪು ಹಾಕಿದ ನೇರಳೆ ಹಣ್ಣೇ ನಮ್ಮ ಮಧ್ಯಾಹ್ನದ ಊಟ.

ಅಲ್ಲಿನ ಮಾರ್ಕೆಟ್ಟಿನ ಸ್ಟುಡಿಯೋದಲ್ಲಿ ನಾನಾಗಿಯೇ ಪೌಡರ್ ಡಬ್ಬಿ ಎತ್ತಿಕೊಂಡೆ. ವಯಸ್ಸಾದ ಫೋಟೋಗ್ರಾಫರ್ ಕಸಿದುಕೊಂಡು ಹಿಂದಿಯಲ್ಲಿ ಗದರಿದರು: “ಮುಖ ತೊಳಿ, ಸಾಕು. ಫೋಟೋ ನೋಡಿದವನು ಬಜಾರಿನಲ್ಲಿ ನಿನ್ನ ಗುರುತು ಹಿಡೀಬೇಕು. ಚೆಂದ ಆಮೇಲೆ.” ದೀಪ ಪಕ್ಕಕ್ಕೆ ಸರಿಸಿದರು, ಗಾಯದ ಮೇಲೆ ಬೆಳಕು ಬಿತ್ತು. ನಾನು ಉಸಿರು ಬಿಗಿಹಿಡಿದು ಕೂತೆ.

“ಏನು ತಿಂದು ಬಂದೆ?” ಕೇಳಿದರು.

ನೀಲಿಗಟ್ಟಿದ ನಾಲಿಗೆ ಚಾಚಿದೆ. ಮಾವ ನಕ್ಕರು, ನನಗೂ ನಗು ಬಂತು. ಬಾಯಿ ಮುಚ್ಚಿದ ಮೇಲೂ ಕಣ್ಣಲ್ಲಿ ಅದು ಉಳಿದಿತ್ತು, ಆಗ ಕ್ಲಿಕ್ಕಿಸಿದರು. ಅಂಥ ಫೋಟೋ ನನ್ನದು ಆಮೇಲೆ ಯಾರೂ ತೆಗೆದಿಲ್ಲ.

ಪ್ರಿಂಟು ಕೈಗೆ ಬಂದದ್ದೇ ಕ್ವಾರ್ಟರ್ಸಿಗೆ ಓಡಿದೆವು. ಕಾಲು ಉಳುಕಿ ಮನೆಯಲ್ಲೇ ಇದ್ದ ಧಾರವಾಡದ ಅಧಿಕಾರಿಯೊಬ್ಬರು ಫೋಟೋ ಹಿಡಿದು ನೋಡಿ, “ಇಂವಾ ನೀನ ಹೌದಪಾ” ಎಂದು ಸಹಿ ಹಾಕಿದರು.

ವಿಶ್ವವಿದ್ಯಾಲಯಕ್ಕೆ ಮರಳಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೌಂಟರಿನವರು ಫೋಟೋ ನೋಡಿ ಒಂದೇ ಸಲ ತಲೆ ಎತ್ತಿದರು, ಪ್ರಮಾಣಪತ್ರ ಕೈಗಿಟ್ಟರು. ಮಾವ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಅದನ್ನು ಇಸಿದುಕೊಂಡರು.

“ನಿಮ್ಮಪ್ಪನ ಹೆಸರೂ ಇದೆಯಲ್ಲೋ ಇದರಲ್ಲಿ! ಹೆಬ್ಬೆಟ್ಟು ಒತ್ತೋ ಮನುಷ್ಯ, ಅವರ ಹೆಸರನ್ನ ಅಚ್ಚಲ್ಲಿ ನಾನು ನೋಡೇ ಇಲ್ಲ. ಎಲ್ಲಿ, ಜೋರಾಗಿ ಓದು.”