ಬೆನ್ನಿಲ್ಲದ ನೋಟು

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಮಕಬೂಲಸಾಬನಿಗೆ ಹೆದರಲು ದೊಡ್ಡ ಕಾರಣವೇನೂ ಬೇಕಾಗುತ್ತಿರಲಿಲ್ಲ. ಟಪಾಲಿನವನು ಬಾಗಿಲಲ್ಲಿ ನಿಂತರೆ ಯಾರೋ ಸತ್ತರೆಂದು ಹೆದರುತ್ತಿದ್ದ. ನಿಲ್ಲದೆ ಹೋದರೆ, ಸತ್ತ ಸುದ್ದಿಯನ್ನು ತನ್ನಿಂದ ಮುಚ್ಚಿಡುತ್ತಿದ್ದಾರೆಂದು ಹೆದರುತ್ತಿದ್ದ. ಇಂಥವನಿಗೆ ಹಳೆಯ ನೋಟುಗಳನ್ನು ಕೂಡಿಸುವ ಹುಚ್ಚು ಹೇಗೆ ಹತ್ತಿತೋ ಗೊತ್ತಿಲ್ಲ.

ಕೂಡಿಸಿದ್ದು ಒಟ್ಟು ಏಳು ನೋಟು. ಅದರಲ್ಲಿ ಚಲಾವಣೆ ನಿಂತುಹೋದ ಎರಡೂವರೆ ರೂಪಾಯಿಯದೊಂದು. ಮೊದಲ ಮಹಾಯುದ್ಧದ ಕಾಲದ ಒಂದು ರೂಪಾಯಿಯವು ಮೂರು. ಅವನ್ನು ಎರಡು ರಟ್ಟುಗಳ ನಡುವೆ ಇಟ್ಟು, ಲಾಡಿ ಕಟ್ಟಿ, ರಟ್ಟಿಗೆ ಹಚ್ಚುವ ಸರೇಸಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ. ಏಳು ನೋಟಿನ ಬಲದ ಮೇಲೆ ಓಣಿಯವರು ಅವನನ್ನು 'ನೋಟಿನ ಹಕೀಮ' ಎಂದು ಕರೆಯುತ್ತಿದ್ದರು. ಯಾರಾದರೂ ಹಳೆಯ ನೋಟು ತಂದರೆ ಬೆಳಕಿಗೆ ಹಿಡಿಯುತ್ತಿದ್ದ, ಕಿವಿಯ ಹತ್ತಿರ ಫಡಫಡಿಸುತ್ತಿದ್ದ, ಮೂಸುತ್ತಿದ್ದ. ಕೊನೆಗೆ ಕಣ್ಣು ಮುಚ್ಚಿ ಬೆಲೆ ಹೇಳುತ್ತಿದ್ದ. ಕಣ್ಣು ಮುಚ್ಚುತ್ತಿದ್ದದ್ದು ಧ್ಯಾನಕ್ಕಲ್ಲ, ಹೇಳಿದ್ದು ತಪ್ಪಾದರೆ ಎದುರಿನವರ ಮುಖ ನೋಡಬಾರದೆಂದು.

೧೯೩೭ರ ಬೇಸಿಗೆ. ಸೋಮವಾರ ಮುಂಜಾನೆ ಎದುರು ಮನೆಯ ದಾನವ್ವ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಗಂಡ ಹತ್ತಿ ಪೇಟೆಯಲ್ಲಿ ತೂಕದವನಾಗಿದ್ದು ತೀರಿಕೊಂಡ ಮೇಲೆ, ಒಂದು ಎಮ್ಮೆಯ ಹಾಲು ಮಾರಿ ಬದುಕಿದ್ದವಳು. ಆ ಎಮ್ಮೆಯೂ ಹೋದ ತಿಂಗಳು ಸತ್ತಿತ್ತು.

"ಮಕಬೂಲಣ್ಣಾ, ಇದನ್ನೊಂಚೂರು ನೋಡು. ನಮ್ಮವರ ಪೆಟಗಿ ತಳದಾಗ ಹಾಸಿದ್ದ ಕಾಗದದ ಕೆಳಗ ಸಿಕ್ಕತು. ನೂರು ಅಂತ ಬರದಾರ. ಖರೇ ಇದ್ರ ಒಂದು ಎಮ್ಮಿ ಬರತೈತಿ."

ದೊಡ್ಡ ಬಿಳಿಯ ಕಾಗದ. ಮಕಬೂಲಸಾಬ ಬೆರಳಲ್ಲಿ ಸವರಿದ. ಇಪ್ಪತ್ತೈದು ವರ್ಷ ಕಾಗದ ಮುಟ್ಟಿದ ಬೆರಳು 'ಛಲೋ ಮಾಲು' ಎಂದಿತು. ತಿರುಗಿಸಿದ. ಹಿಂದುಗಡೆ ಏನೂ ಇಲ್ಲ! ಒಂದು ಗೆರೆಯೂ ಇಲ್ಲದ ಖಾಲಿ ಕಾಗದ. ಮತ್ತೆ ಮುಂದೆ ನೋಡಿದ. ಅಕ್ಷರಗಳಿವೆ, ನಂಬರಿದೆ; ರಾಜನ ಮುಖವಿಲ್ಲ. ಅವನ ಏಳೂ ನೋಟುಗಳಿಗೆ ಎರಡು ಮೈಯಿದ್ದವು, ಏಳರಲ್ಲೂ ರಾಜನಿದ್ದ.

ಹೋದ ವಾರವಷ್ಟೇ ಹಿಂದಿನ ಓಣಿಯಲ್ಲಿ ಖೊಟ್ಟಿ ರೂಪಾಯಿ ಎರಕ ಹೊಯ್ಯುತ್ತಿದ್ದವನೊಬ್ಬನನ್ನು ಪೊಲೀಸರು ಹಗ್ಗ ಹಾಕಿ ಕರೆದೊಯ್ದಿದ್ದರು.

"ದಾನಕ್ಕಾ," ಎಂದ, ಬಾಗಿಲು ಅರ್ಧ ಮುಚ್ಚುತ್ತ, "ಇದನ್ನ ಯಾರಿಗಾರ ತೋರಿಸೀಯೇನು?"

"ಇಲ್ಲಪಾ. ನಿನಗ ಮೊದಲು."

"ಖೊಟ್ಟಿ ಐತಿ. ಮಾಡಿದಾಂವಗ ಹಿಂದಿನ ಮೈ ಅಚ್ಚು ಹಾಕಾಕ ಪುರಸೊತ್ತಾಗಿಲ್ಲ. ರಾಜನ ಮಾರಿ ಬರಿಯಾಕ ಬಂದಿಲ್ಲ. ಮನ್ಯಾಗ ಇಟ್ಕೊಂಡ್ರ ನಿನ್ನೂ ಒಯ್ತಾರ, ನೋಡಿದೆ ಅಂತ ನನ್ನೂ ಒಯ್ತಾರ!"

ದಾನವ್ವನ ಮುಖದಿಂದ ಎಮ್ಮೆ ಎದ್ದು ಹೋಯಿತು. "ಸುಡಲೇನು?" ಎಂದಳು.

"ಬ್ಯಾಡ, ಬೂದ್ಯಾಗ ಚೂರು ಉಳೀತೈತಿ. ಬುಟ್ಟಿಗಂತ ಇವತ್ತ ಕಾಗದ ನೆನಿ ಹಾಕೀಯಲ್ಲ, ಅದರಾಗ ಮುಳುಗಿಸಿಬಿಡು. ಕುಟ್ಟಿದ ಮ್ಯಾಲೆ ಯಾವ ಫೌಜದಾರ ಬಂದ್ರೂ ಗುರುತು ಸಿಗೂದಿಲ್ಲ."

ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ಹಳೆಯ ಬುಟ್ಟಿಗಳಿಗೆ ಕಾಗದ ಬಡಿಯುತ್ತಿದ್ದರು. ಮಕಬೂಲಸಾಬನ ಅಂಗಡಿಯ ಚೂರುಪಾರು ಒಯ್ದು ಮೂರು ದಿನ ನೀರಲ್ಲಿ ನೆನೆಸಿ, ಮೆಂತ್ಯದ ಹಿಟ್ಟು ಸೇರಿಸಿ ಒರಳಲ್ಲಿ ಕುಟ್ಟಿ, ಆ ರೊಜ್ಜನ್ನು ಬುಟ್ಟಿಗೆ ಮೆತ್ತಿ ಒಣಗಿಸುತ್ತಿದ್ದರು. ದಾನವ್ವ ನೋಟನ್ನು ಒಯ್ದು ಹಂಡೆಗೆ ಹಾಕಿದಳು. ಮಕಬೂಲಸಾಬ ಕಿಟಕಿಯಿಂದ ಅದನ್ನು ಕಣ್ಣಾರೆ ನೋಡಿ, ಎರಡು ದಿನ ನೆಮ್ಮದಿಯಿಂದ ಉಸಿರಾಡಿದ.

ಗುರುವಾರ, ರಟ್ಟು ಕಟ್ಟಿದ ಪುಸ್ತಕಗಳನ್ನು ಕೊಡಲು ಧಾರವಾಡಕ್ಕೆ ಹೋದ. ಕಟ್ಟಲು ಕೊಟ್ಟಿದ್ದವರು ನೀಲಕಂಠಪ್ಪನವರು, ಖಜಾನೆಯಲ್ಲಿ ಮೂವತ್ತು ವರ್ಷ ನೋಟು ಎಣಿಸಿ ನಿವೃತ್ತರಾದವರು. ತನ್ನ ಜಾಣತನವನ್ನು ತಿಳಿದವರೊಬ್ಬರ ಮುಂದೆ ತೋರಿಸುವ ಆಸೆ ಮಕಬೂಲಸಾಬನಿಗೆ. ಹೆಸರು ಹೇಳದೆ ಕಥೆ ಹೇಳಿದ.

"ಹಿಂದ ಖಾಲಿ ಇತ್ತ್ರಿ ಸಾಹೇಬರ, ಬೆನ್ನಽ ಇಲ್ಲ! ಒಂದಽ ನೋಟಕ್ಕ ಹಿಡದೆ ನಾನು."

ನೀಲಕಂಠಪ್ಪನವರು ಚಹದ ಬಶಿ ಕೆಳಗಿಟ್ಟರು. "ಬಿಳೀದೇನ್ರಿ? ರಾಜನ ಮಾರಿ ಇರಲಿಲ್ಲೇನು?"

"ಇರಲಿಲ್ರಿ."

"ಸಾಬರ, ಮೊದಲಿನ ನೋಟೆಲ್ಲಾ ಹಂಗಽ ಇದ್ವು. ಒಂದಽ ಮಗ್ಗಲು ಅಚ್ಚು. ನನ್ನ ಕೈಯಾಗ ಸಾವಿರಾರು ಹಾದು ಹೋಗ್ಯಾವು. ನಂಬರು ಕಾಣುವಂಗಿದ್ರ ಸರಕಾರ ಇವತ್ತಿಗೂ ನೂರು ರೂಪಾಯಿ ಕೊಡತೈತಿ. ಎಲ್ಲೈತಿ ಈಗ?"

ಮಕಬೂಲಸಾಬ ಸೋಮವಾರ, ಮಂಗಳವಾರ, ಬುಧವಾರ ಎಂದು ಬೆರಳು ಮಡಿಸಿದ. ಮೂರು. ಇವತ್ತು ಕುಟ್ಟುವ ದಿನ! ಟೋಪಿಯನ್ನು ಅಲ್ಲೇ ಬಿಟ್ಟು ಸ್ಟೇಶನ್ನಿಗೆ ಓಡಿದ.

ಆ ರೈಲಿನಷ್ಟು ನಿಧಾನದ ರೈಲನ್ನು ಅವನು ಆಮೇಲೆಂದೂ ಹತ್ತಲಿಲ್ಲ. ನವಲೂರಿನಲ್ಲಿ ನಿಂತಿತು. ಉಣಕಲ್ಲಿನಲ್ಲಿ ಯಾರದೋ ಮೂಟೆ ಇಳಿಸಲು ನಿಂತಿತು. ಗಾಲಿಗಳು ಧಡ್ ಧಡ್ ಎಂದಾಗಲೆಲ್ಲ ಒನಕೆಯ ಪೆಟ್ಟು ಬಿದ್ದಂತೆ ಬೆಚ್ಚುತ್ತಿದ್ದ. ಮೊನ್ನೆ ಪೊಲೀಸರ ಹೆದರಿಕೆ ಇತ್ತು. ಅದು ಪರವಾಗಿಲ್ಲ, ಪೊಲೀಸರು ದಿನಾ ಎದುರು ಮನೆಯಲ್ಲಿ ಇರುವುದಿಲ್ಲ. ದಾನವ್ವ ಇರುತ್ತಾಳೆ. ಅವಳ ಎಮ್ಮೆಯಿಲ್ಲದ ಖಾಲಿ ಗೋದಲಿ ಇರುತ್ತದೆ. ಸಾಯುವ ತನಕ ಬಾಗಿಲು ತೆರೆದರೆ ಅದೇ ಕಾಣುತ್ತದೆ.

ಓಣಿಯ ತಿರುವಿನಲ್ಲಿ ಕಿವಿಗೊಟ್ಟ. ಒನಕೆಯ ಸದ್ದಿರಲಿಲ್ಲ. ಕುಟ್ಟುವುದು ಮುಗಿದಿತ್ತು. ತಿರುಗಿ ಓಡಿಹೋಗೋಣವೆನ್ನಿಸಿತು. ಆದರೆ ಹೆಂಡತಿ ಗುಲ್ಜಾರಬಿ ದಾನವ್ವನ ಕಟ್ಟೆಯ ಮೇಲೆ ಕೂತು ಆಗಲೇ ಇವನನ್ನು ನೋಡಿಬಿಟ್ಟಿದ್ದಳು.

"ಟೋಪಿ ಎಲ್ಲೈತ್ರಿ? ಯಾರು ಬೆನ್ನ ಹತ್ಯಾರ?"

"ದಾನಕ್ಕಾ," ಎಂದ, ಕಟ್ಟೆಗೆ ಬಂದು ಕೈಮುಗಿಯುತ್ತ, "ತಪ್ಪಾತು. ಆ ನೋಟು ಖರೇದಂತ. ನನಗ ಗೊತ್ತಿದ್ದಿಲ್ಲ. ಗೊತ್ತೈತಿ ಅಂತ ಹೇಳಿಬಿಟ್ಟೆ."

ದಾನವ್ವ ಮೆಂತ್ಯದ ಕೈ ಹಾಗೇ ಹಿಡಿದು ಅವನನ್ನು ನೋಡಿದಳು. ಆ ನೋಟ ಎಷ್ಟು ಹೊತ್ತಿತ್ತೋ, ಅವನಿಗೆ ಉಣಕಲ್ಲಿನ ಸ್ಟೇಶನ್ನಿಗಿಂತ ಉದ್ದವೆನ್ನಿಸಿತು.

"ಅದಕ್ಕಽ ಆ ಹಾಟ್ಯಾನ ನೋಟು ಸಾಯವಲ್ದಾಗಿತ್ತು!" ಎಂದಳು. "ನಿನ್ನ ರದ್ದಿ ಎಲ್ಲಾ ಗಂಜಿ ಆತು, ಇದೊಂದು ಹಂಡೆದಾಗ ಗಟ್ಟಿ ಕುಂತಿತ್ತು. ಒರಳಿಗೆ ಹಾಕಿದ್ರ ಬುಟ್ಟಿ ಗಂಟು ಗಂಟಾಕ್ಕೈತಿ ಅಂತ ತಗದು ಇಟ್ಟೆ. ನೋಡಲ್ಲೆ."

ಬಿಸಿಲಿಗಿಟ್ಟ ಹಸಿ ಬುಟ್ಟಿಯ ಒಳತಳದಲ್ಲಿ, ಕಾಳು ತುಂಬಿದರೆ ಯಾವ ಫೌಜದಾರನಿಗೂ ಕಾಣದಂತೆ, ತೂತು ಮುಚ್ಚಲು, ನೂರು ರೂಪಾಯಿ ಅಂಟಿಕೊಂಡಿತ್ತು. ಅಕ್ಷರವಿದ್ದ ಮೈ ಚಂದ ಕಾಣುತ್ತದೆಂದು ಅವಳು ಖಾಲಿ ಮೈಗೆ ಮೆಂತ್ಯ ಸವರಿದ್ದಳು. ಯಾವ ಬೆನ್ನಿಲ್ಲವೆಂದು ಅವನು ನೋಟನ್ನು ಗಲ್ಲಿಗೇರಿಸಿದ್ದನೋ, ಆ ಬೆನ್ನೇ ಅಂಟನ್ನೆಲ್ಲ ಹೊತ್ತು ನಂಬರನ್ನು ಉಳಿಸಿತ್ತು.

ಬಿಡಿಸುವ ಕೆಲಸ ರಟ್ಟಿನವನದೇ. ಕಾಗದ ಮಡಿಸುವ ಎಲುಬಿನ ಪಟ್ಟಿ ತಂದು ಅಂಚಿಗೆ ಹಚ್ಚಿದ. ತೆಗೆದ. ಮತ್ತೆ ಹಚ್ಚಿ ಮತ್ತೆ ತೆಗೆದ. ಗುಲ್ಜಾರಬಿ ಪಟ್ಟಿಯನ್ನು ಕಸಿದುಕೊಂಡಳು. "ಸರೀರಿ ಅತ್ತಾಗ. ನೀವು ಹೆದರೂ ಕೆಲಸ ನೋಡ್ಕೋರಿ." ಅವಳು ನೀರು ಹನಿಸುತ್ತ, ಎಳೆ ಎಳೆಯಾಗಿ ಎಬ್ಬಿಸುತ್ತಿದ್ದರೆ ಅವನು ತನಗೆ ಹೇಳಿದ ಹೆದರುವ ಕೆಲಸವನ್ನು ಚಾಚೂ ತಪ್ಪದೆ ಮಾಡಿದ. ಒಂದು ಮೂಲೆ ಹರಿಯಿತು. ನಂಬರು ಹರಿಯಲಿಲ್ಲ.

ನೀಲಕಂಠಪ್ಪನವರು ಅರ್ಜಿ ಬರೆದುಕೊಟ್ಟರು. ನೋಟು ಮುಂಬಯಿಗೆ ಹೋಯಿತು. ಉತ್ತರ ಬರುವ ತನಕ, ಎರಡೂವರೆ ತಿಂಗಳು, ಮಕಬೂಲಸಾಬ ಟಪಾಲಿನವನನ್ನು ಕಂಡು ಮೊದಲ ಸಲ ಸರಿಯಾದ ಕಾರಣಕ್ಕೆ ಹೆದರಿದ. ಹಣ ಬಂತು, ಎಮ್ಮೆ ಬಂತು. ಹಕೀಮಿಕೆ ಹೋಯಿತು. ಆಮೇಲೆ ಯಾರು ನೋಟು ತಂದರೂ ಬೆರಳಲ್ಲಿ ಒಮ್ಮೆ ಸವರಿ, "ಕಾಗದ ಛಲೋ ಐತ್ರಿ, ಉಳಿದದ್ದು ಧಾರವಾಡಕ್ಕ ಹೋಗಿ ಕೇಳ್ರಿ" ಅನ್ನುತ್ತಿದ್ದ.

ದಾನವ್ವ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ದಿನಾ ಮುಂಜಾನೆ ಹಾಲಿನ ತಂಬಿಗೆಯನ್ನು ಮಾತ್ರ ಅವನ ಕೈಗೇ ಕೊಡುತ್ತಿದ್ದಳು.

"ಬೆಳಕಿಗೆ ಹಿಡದು ನೋಡು ಮಕಬೂಲಣ್ಣಾ. ಖೊಟ್ಟಿ ಇದ್ರ ಹೇಳು, ಚೆಲ್ಲಿಬಿಡತೇನಿ."

ಅವನು ನೋಡದೆ ಕುಡಿಯುತ್ತಿದ್ದ.