ಆರನೆಯ ಕಲ್ಲು

ನರಸಣ್ಣನಿಗೆ ಓದು ಬರುವುದಿಲ್ಲ. ಆದರೆ ಮಸ್ಕಿಯಲ್ಲಿ ಅವನಷ್ಟು ಚೆಂದ ಕಲ್ಲಿನ ಮೇಲೆ ಅಕ್ಷರ ಕೆತ್ತುವವರಿಲ್ಲ. ಪೇಂಟರ್ ಬರೆದುಕೊಟ್ಟ ಕೆಂಪು ಗೆರೆಯ ಮೇಲೆ ಉಳಿ ನಡೆಸುತ್ತಾನೆ, ಅಷ್ಟೆ. ಆದರೆ ಮಗಳು ನಂದಿನಿ ಗಟ್ಟಿಯಾಗಿ ಓದಿ ಹೇಳದ ಹೊರತು ಉಳಿ ಮುಟ್ಟುವವನಲ್ಲ. ಊರ ಬೆಟ್ಟದ ಬಂಡೆಯ ಮೇಲೆ ಹಿಂದಿನ ರಾಜನೊಬ್ಬ ಕೆತ್ತಿಸಿದ ಅಕ್ಷರ ಎರಡು ಸಾವಿರ ವರ್ಷದಿಂದ ಕೂತಲ್ಲೇ ಕೂತಿದೆ. ತಪ್ಪು ಕೆತ್ತಿದರೆ ಅದೂ ಹಾಗೇ ಕೂತುಬಿಡುತ್ತದೆ ಎಂಬ ಹೆದರಿಕೆ ಅವನಿಗೆ.

ನಿಜಾಮರ ಕಾಲದಲ್ಲಿ ಒಬ್ಬ ದೊಡ್ಡ ನಾಯಕರು ಲಿಂಗಸುಗೂರಿನಿಂದ ಸಿಂಧನೂರಿಗೆ ಮೋಟಾರಿನಲ್ಲಿ ಹೋಗಿದ್ದರು. ಆ ದಾರಿಯುದ್ದಕ್ಕೂ ಎಂಟು ನೆನಪಿನ ಕಲ್ಲು ನಿಲ್ಲಿಸುವ ಕೆಲಸ ಬಂದಾಗ ನರಸಣ್ಣ ಹಿಗ್ಗಿಹೋದ. ಹಿಗ್ಗದೆ ಇರುತ್ತಾನೆಯೇ? ಆ ಮೋಟಾರು ಇದೇ ಊರಲ್ಲಿ ಕೆಟ್ಟು ನಿಂತು ಅವರು ನೀರು ಕೇಳಿದಾಗ ಗೌಡರ ವಾಡೆಯ ಬಾಗಿಲು ಮುಚ್ಚಿಕೊಂಡಿತು. ತಮ್ಮ ಕೇರಿಯ ಬಾವಿಯಿಂದ ಕೊಡ ಹೊತ್ತು ತಂದವಳು ಅವನ ಅಜ್ಜಿ ಹುಲಿಗೆವ್ವ. ಆ ನಾಯಕರು ಬೊಗಸೆಯೊಡ್ಡಿ ಕುಡಿದದ್ದನ್ನು ಅವಳು ಸಾಯುವವರೆಗೂ ಹೇಳಿದಳು. ಆರನೆಯ ಕಲ್ಲು ಆ ಜಾಗದ್ದು.

ನಂದಿನಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಆ ವಾರ ತರಬೇತಿಗೆಂದು ಊರು ಬಿಟ್ಟಿದ್ದಳು. ಉದ್ಘಾಟನೆ ಹತ್ತಿರ ಬಂತೆಂದು ಗುತ್ತಿಗೆದಾರ ಸಿದ್ದಲಿಂಗೇಶ ದಿನಕ್ಕೆರಡು ಸಲ ಬಂದು ತಲೆ ತಿಂದ. ಅಜ್ಜಿಯ ಕಲ್ಲಲ್ಲವೇ, ಇದರಲ್ಲೇನು ಓದಿಸುವುದು ಎಂದು ನರಸಣ್ಣ ಕೆತ್ತಿಯೇಬಿಟ್ಟ. ಉಳಿದ ಕಲ್ಲುಗಳಿಗಿಂತ ಆಳವಾಗಿ ಕೆತ್ತಿದ.

ಊರಿಗೆ ಬಂದ ನಂದಿನಿ ಕಲ್ಲಿನ ಮುಂದೆ ನಿಂತು ಓದತೊಡಗಿ, ಅರ್ಧಕ್ಕೇ ನಿಲ್ಲಿಸಿದಳು.

“ಅಪ್ಪಾ, ಇದರಾಗ ನಿನ್ನ ಅಜ್ಜಿ ಹೆಸರಿಲ್ಲ. ಗೌಡರ ವಾಡೇದಾಗ ನೀರು ಕುಡದ್ರು ಅಂತ ಬರದಾರ.”

ನರಸಣ್ಣನ ಮೈಯೆಲ್ಲ ಉರಿದುಹೋಯಿತು. ಎಂಥ ಭಂಡತನವಿದು? ಬಾಗಿಲು ಹಾಕಿಕೊಂಡವರ ಹೆಸರನ್ನು ನೀರು ಕೊಟ್ಟವಳ ಮೊಮ್ಮಗನ ಕೈಯಿಂದಲೇ ಕೆತ್ತಿಸಿದ್ದರು. ತನ್ನ ಕೈಯ ಮೇಲೂ ಅವನಿಗೆ ಅಷ್ಟೇ ಸಿಟ್ಟು ಬಂತು.

“ಮ್ಯಾಲಿಂದ ಬರದು ಕೊಟ್ಟಿದ್ದು ಕೆತ್ತಿಸೀನಿ ನಾ,” ಎಂದ ಸಿದ್ದಲಿಂಗೇಶ. “ಜಾಗ ಗೌಡರು ಕೊಟ್ಟಾರ. ರಸ್ತೆ ಬಾಜೂಕಿನ ಕಲ್ಲು ಯಾರು ಓದ್ತಾರ, ಬಿಡೋ.”

“ಓದಂಗಿಲ್ಲ ಅಂದ್ರ ನಿಲ್ಲಸೋದು ಯಾಕ್ರೀ?” ಎಂದು ಕೇಳಿದ ನರಸಣ್ಣ.

ನರಸಣ್ಣ ಮೂರು ದಿನ ಕೂತು ಇಡೀ ಕಲ್ಲಿನ ಮುಖವನ್ನು ಬೆರಳು ದಪ್ಪದಷ್ಟು ಕೆತ್ತಿ ತೆಗೆದುಹಾಕಿದ. ನಂದಿನಿ ಹೊಸದಾಗಿ ಗೆರೆ ಬರೆದಳು. ಈ ಸಲ ಒಂದೊಂದೇ ಅಕ್ಷರ ಹೇಳಿಸಿಕೊಂಡು ಕೆತ್ತಿದ. ಸಿದ್ದಲಿಂಗೇಶ ಅದನ್ನು ಮುಟ್ಟಲಿಲ್ಲ. ಮೊದಲಿನ ಮಾತನ್ನೇ ಮಷೀನಿನಲ್ಲಿ ಕೊರೆಸಿದ ಕರಿಕಲ್ಲು ತಂದು ವಾಡೆಯ ಮುಂದೆ ನಿಲ್ಲಿಸಿದ. ಮಾಲೆ ಅಲ್ಲೇ ಬಿತ್ತು, ಭಾಷಣವೂ ಅಲ್ಲೇ ಆಯಿತು. ಗೌಡರ ಮೊಮ್ಮಗ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದ.

ಅದೇ ಹೊತ್ತಿಗೆ ನರಸಣ್ಣ ತನ್ನ ಕಲ್ಲನ್ನು ಟ್ರ್ಯಾಕ್ಟರಿನಲ್ಲಿ ತಂದು ಕೇರಿಯ ಬಾವಿಯ ಪಕ್ಕ ನೆಟ್ಟ. ಸುದ್ದಿ ತಿಳಿದು ಸಿದ್ದಲಿಂಗೇಶ ಓಡಿಬಂದ.

“ಈ ಸಂದಿಯಾಗ ಇದನ್ನ ಓದೋರು ಯಾರಲೇ?”

ನರಸಣ್ಣ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆತ್ತಿದ ಗೆರೆಗಳಲ್ಲಿ ಬೆರಳಿಟ್ಟು ನಿಧಾನವಾಗಿ ಓದಿದ: “ಹು, ಲಿ, ಗೆ, ವ್ವ.”

ಅವನಿಗೆ ಬರುವುದು ಆ ನಾಲ್ಕೇ ಅಕ್ಷರ.