ಹಾಜರಿಯಲ್ಲಿದ್ದ ಹತ್ತೊಂಬತ್ತು ಹಿರಿಯರು

"ಯುರೋಪ ಒಕ್ಕೂಟದಾಗ ಇಪ್ಪತ್ತೇಳ ದೇಶ ಅದಾವ, ನಮ್ಮ ಸಂಘದಾಗೂ ಇಪ್ಪತ್ತೇಳ ಮಂದಿ ಅದಾರ. ಒಂದ ಕಾನೂನಿಗೆ ಅವ್ರೆಲ್ಲಾ ಹೂಂ ಅನ್ನಾಕ ಹತ್ತ ವರ್ಷ ಬೇಕ. ನಮ್ಮವ್ರನ್ನ ಒಪ್ಪಸಾಕ ನನಗ ಒಂದ ಕಪ್ ಚಾ ಸಾಕ!"

ಬನಹಟ್ಟಿಯ ಒಂದು ಕೈಮಗ್ಗ ನೇಕಾರರ ಸಂಘಕ್ಕೆ ಮೂವತ್ತೊಂದು ವರ್ಷದಿಂದ ಕಾರ್ಯದರ್ಶಿಯಾಗಿದ್ದ ಪ್ರಭುಲಿಂಗ ಈ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಮುಧೋಳದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದ; ಬಸ್ಸು ಕೆಟ್ಟು ನಿಂತಾಗ ಇಳಿದವರಿಗೆ ಮತ್ತೊಮ್ಮೆ ಹೇಳಿದ್ದ. ಪವರ್‌ಲೂಮುಗಳ ಸದ್ದಿನಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಮೆಲ್ಲಗೆ ಮಾತಾಡುವುದನ್ನು ಅವನು ಒಂದು ರೋಗವೆಂದೇ ತಿಳಿದಿದ್ದ. ಅವನು ಇಲ್ಲಿ ಕೆಮ್ಮಿದರೆ ಜಮಖಂಡಿಯಲ್ಲಿ ಯಾರಾದರೊಬ್ಬರು ಎದ್ದು ಬಾಗಿಲು ತೆರೆಯುತ್ತಿದ್ದರು.

ಸಂಘ ನೇಯುವ ಮೇಜುಹಾಸುಗಳನ್ನು ಕೊಳ್ಳುತ್ತಿದ್ದುದು ಬೆಲ್ಜಿಯಮ್ಮಿನ ಒಂದು ಹಳೆಯ ಕಂಪನಿ. ಈ ವರ್ಷ ಅಲ್ಲಿಂದ ಪತ್ರ ಬಂತು. ಯುರೋಪಿನಲ್ಲಿ ಬಟ್ಟೆಯ ಜಾತಕ ಕೇಳುವ ಕಾಲ ಹತ್ತಿರವಾಗಿದೆ, ಕಾನೂನು ಬಂದು ಬಾಗಿಲು ಬಡಿಯುವ ಮೊದಲೇ ತಯಾರಾಗೋಣ, ಒಂದೊಂದು ಹಾಸಿಗೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಚೀಟಿ ಹಚ್ಚಬೇಕು ಎಂದಿತ್ತು ಪತ್ರ. ನೂಲು ಎಲ್ಲಿಯದು, ಬಣ್ಣ ಯಾವುದು ಎಂಬುದರ ಜೊತೆಗೆ ನೇಯ್ದವರ ಹೆಸರು, ಹುಟ್ಟಿದ ಇಸವಿಯನ್ನೂ ಕಂಪನಿ ಕೇಳಿತ್ತು. ಬದಲಾವಣೆ ಸುಸೂತ್ರವಾಗಲೆಂದು ಬೆಳಗಾವಿಯಿಂದ ಸರಿತಾ ಎಂಬ ಸಲಹೆಗಾರ್ತಿಯನ್ನೂ ಕಳಿಸಿತು.

ಪ್ರಭುಲಿಂಗ ಮನೆಯಿಂದ ಚಹಾ ತರಿಸಿದ. ಇಪ್ಪತ್ತೇಳು ಮಂದಿ ಕುಡಿದರು, ಹೂಂ ಅಂದರು, ಫಾರ್ಮು ತುಂಬಿದರು. ಹಬೆ ಆರುವುದರೊಳಗೆ ಕೆಲಸ ಮುಗಿಯಿತು.

ಮೂರನೆಯ ದಿನ ಕಂಪನಿಯ ಇಮೇಲ್ ಬಂತು. ಸರಿತಾ ಎರಡು ಸಲ ಓದಿಕೊಂಡಳು.

"ಕಾಕಾ, ನಿಮ್ಮ ನೇಕಾರರ ಸರಾಸರಿ ವಯಸ್ಸ ತೊಂಬತ್ನಾಕ ಅಂತ ಬಂದೇತಿ. ಇಷ್ಟ ಮುದುಕರನ್ನ ದುಡಸೂದು ಬರೋಬ್ಬರಿ ಏನು ಅಂತ ಕೇಳ್ಯಾರ."

"ನಮ್ಮ ಕಡೆ ನೀರ ಹಂಗ ಐತಿ ಅಂತ ಬರೀರಿ, ಅಕ್ಕಾರ."

"ಖರೆ ಹೇಳ್ರಿ ಕಾಕಾ."

ಖರೆ ಇಷ್ಟು: ಆ ಓಣಿಯಲ್ಲಿ ಮಗ್ಗವನ್ನು ಕರೆಯುವುದು ಕುಣಿ ತೋಡಿ ಅದನ್ನು ಕೂರಿಸಿದ ಹಿರಿಯನ ಹೆಸರಿನಿಂದ. ಅವನು ಹೋಗಿ ಎಷ್ಟು ವರ್ಷವಾದರೂ ಮಗ್ಗ ಅವನದೇ, ಬಟ್ಟೆಯೂ ಅವನದೇ. 'ನೇಯ್ದವರು' ಎಂಬುದನ್ನು ಕಂಡದ್ದೇ ಎಲ್ಲರ ಕೈ ತಾನಾಗಿ ಹಿರಿಯರ ಹೆಸರು ಬರೆದಿತ್ತು. ಅವರಲ್ಲಿ ಹತ್ತೊಂಬತ್ತು ಮಂದಿ ಈ ಲೋಕದಲ್ಲೇ ಇರಲಿಲ್ಲ. ಪ್ರಭುಲಿಂಗನ ಅಪ್ಪ ಶಂಕರೆಪ್ಪ ತೀರಿಕೊಂಡು ಹನ್ನೆರಡು ವರ್ಷ. ಕಾಗದದ ಪ್ರಕಾರ ಹೋದ ತಿಂಗಳು ನಲವತ್ತು ಮೇಜುಹಾಸು ನೇಯ್ದಿದ್ದ. ಬದುಕಿದ್ದಾಗ ಅಷ್ಟು ನೇಯ್ದವನಲ್ಲ.

ಸೋಮವಾರ ಕಂಪನಿಯ ಅಧಿಕಾರಿ ಹೆಂಗಸು ವಿಡಿಯೋದಲ್ಲಿ ಬರುವವಳಿದ್ದಳು. ಅಷ್ಟರೊಳಗೆ ಹೆಸರುಗಳು ಸರಿಯಾಗದಿದ್ದರೆ ಆರ್ಡರು ಬೇರೆ ಊರಿಗೆ ಹೋಗುತ್ತದೆ, ಇಪ್ಪತ್ತೇಳು ಮಗ್ಗ ನಿಲ್ಲುತ್ತವೆ.

ಮತ್ತೆ ಚಹಾ ಬಂತು. ಎರಡು ದಿನದಲ್ಲಿ ಹರಿದ ಚಹಾದಲ್ಲಿ, ಅನಗವಾಡಿಯ ಹೊಳೆಯಲ್ಲಿ ಬಿಡುವಂತೆ, ದೋಣಿ ಬಿಡಬಹುದಿತ್ತು. ಮಾತು ಮಾತ್ರ ದಡ ಮುಟ್ಟಲಿಲ್ಲ.

"ನಮ್ಮಪ್ಪನ ಹೆಸರ ತಗದ್ರ ಮನಿ ಪಾಲಾತು ಅಂತಾರ ಮಂದಿ," ಎಂದ ಹಿರಿಯ ಸದಸ್ಯ ಗಿರಿಮಲ್ಲಪ್ಪ. "ತಗದ ಯಾರದ ಬರೀಲಿ? ನಂದೋ, ನನ್ನ ತಮ್ಮಂದೋ?"

"ನೇಯೂರದ ಬರಿಯೋ ಮಾರಾಯಾ," ಎಂದ ಪ್ರಭುಲಿಂಗ.

"ನೇಯಾಕಿ ನನ್ನ ಹೇಣ್ತಿ. ಆಕಿ ಹೆಸರ ಬರದ್ರ ಓಣಿ ಮಂದಿ ಹಲ್ಲ ಕಿಸೀತಾರ. ಮೊದಲ ನೀವ ಬರೀರಿ, ಸೆಕ್ರೆಟ್ರಿ ಸಾಹೇಬ್ರ!"

ಪ್ರಭುಲಿಂಗ ಕೆಮ್ಮಿದ. ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

ಅವನ ಮನೆಯಲ್ಲೂ ಇಪ್ಪತ್ತೆಂಟು ವರ್ಷದಿಂದ ನೇಯುತ್ತಿದ್ದವಳು ಹೆಂಡತಿ ದಾನಮ್ಮ. ಊಟಕ್ಕೆ ಕೂತಾಗ ಅವನೇ ವಿಷಯ ತೆಗೆದ.

"ನಿನ್ನ ಹೆಸರ ಬರಿ ಅನ್ನಾಕತ್ತಾರ ನೋಡ. ಅಪ್ಪನ ಹೆಸರ ಹೆಂಗ ತಗೀಲಿ?"

ದಾನಮ್ಮ ಜಗಳವಾಡಲಿಲ್ಲ. ರೊಟ್ಟಿ ಬಡಿಸಿ ಎದ್ದಳು, ಮಗ್ಗದ ಮೇಲಿದ್ದ, ನೂಲು ಓಡಿಸುವ ಲಾಳಿಯನ್ನು ತಂದು ಮಾವನ ಫೋಟೋದ ಮುಂದಿಟ್ಟಳು.

"ಮಾವಾರ, ನಾಳಿಂದ ನೀವ ನೇಯ್ರಿ. ನಾ ನೇಯ್ದದ್ದ ಯಾರಿಗೂ ಕಂಡಿಲ್ಲಂತ."

ಮರುದಿನ ಮಗ್ಗ ಸುಮ್ಮನಿತ್ತು. ಮಾವ ಬರುವ ಲಕ್ಷಣ ಕಾಣದ್ದರಿಂದ ಪ್ರಭುಲಿಂಗನೇ ಕುಣಿಗಿಳಿದ. ಒಂದು ತಾಸಿನಲ್ಲಿ ಅವನು ಕಡಿದ ಎಳೆಗಳನ್ನು ಗಂಟು ಹಾಕಿದ್ದರೆ ಬೀಳಗಿಗೆ ಹೋಗಿ ಬರುವಷ್ಟು ಉದ್ದವಾಗುತ್ತಿತ್ತು. ದಾನಮ್ಮ ಹೊಸ್ತಿಲ ಮೇಲೆ ಕೂತು ಶೇಂಗಾ ತಿನ್ನುತ್ತ ನೋಡಿದಳು. ನೆರೆಹೊರೆಯ ಹೆಂಗಸರು ಬಂದು ನೋಡಿದರು, ಏನಾಯಿತೆಂದು ಕೇಳಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಓಣಿಯ ಇನ್ನೂ ಹದಿನೆಂಟು ಮನೆಗಳಲ್ಲಿ ಲಾಳಿ ಫೋಟೋದ ಮುಂದೆ ಕೂತಿತ್ತು.

ಪ್ರಭುಲಿಂಗ ಜೋಮು ಹಿಡಿದ ಕಾಲೆಳೆಯುತ್ತ ಸಂಘಕ್ಕೆ ಹೋದ. ಫಾರ್ಮಿನಲ್ಲಿ 'ಮಗ್ಗದ ಹೆಸರು' ಎಂದು ಇನ್ನೊಂದು ಸಾಲು ಸೇರಿಸಲು ಸರಿತಾಗೆ ಹೇಳಿದ. ಅಲ್ಲಿ ಶಂಕರೆಪ್ಪ ಉಳಿದ. ಅದರ ಕೆಳಗೆ, ನೇಯ್ದವರು: ದಾನಮ್ಮ. ಬರೆದದ್ದನ್ನು ಓಣಿಗೆಲ್ಲ ಕೇಳುವಂತೆ ಓದಿದ.

ಓಡಿ ಬಂದ ಗಿರಿಮಲ್ಲಪ್ಪ, "ಇಷ್ಟಕ್ಕ ಎರಡ ದಿನಾ ಚಾ ಕುಡಿಸಿದ್ರೇನ್ರಿ?" ಎನ್ನುತ್ತಲೇ ತನ್ನ ಹೆಂಡತಿಯ ಹೆಸರು ಬರೆದ. ಸಂಜೆಯೊಳಗೆ ಇಪ್ಪತ್ತೇಳೂ ಸರಿಹೋದವು.

"ಚಾ ಮಾಡಿದಾಕಿ ಹೆಸರೂ ಎಲ್ಲ್ಯರ ಬರದಿರೇನು?" ಎಂದು ಮನೆಗೆ ಬಂದ ಗಂಡನನ್ನು ಕೇಳಿ ದಾನಮ್ಮ ಲಾಳಿ ಎತ್ತಿಕೊಂಡಳು.

ಸೋಮವಾರ ಪರದೆಯ ಮೇಲೆ ಬಂದ ಬೆಲ್ಜಿಯಮ್ಮಿನ ಅಧಿಕಾರಿ ಹೆಸರುಗಳನ್ನು ನೋಡಿದಳು, ತಲೆಯಾಡಿಸಿದಳು, ಆರ್ಡರು ಇಲ್ಲೇ ಇರುತ್ತದೆ ಎಂದಳು. ಆಮೇಲೆ, ಮೊದಲು ಬರೆದ ಹೆಸರುಗಳ ಖರೆಯನ್ನು ಸರಿತಾ ವಿವರಿಸಿದಾಗ, ನಕ್ಕು ಇನ್ನೇನೋ ಕೇಳಿದಳು. ಹೇಳಲೋ ಬೇಡವೋ ಎಂದು ಸರಿತಾ ತಡವರಿಸಿದಳು.

"ಸತ್ತವರನ್ನ ಇಷ್ಟ ವರ್ಷ ಯಾಕ ಕೆಲಸದಾಗ ಇಟಗೊಂಡಿದ್ರಿ ಅಂತ ಕೇಳಾಕತ್ತಾರ, ಕಾಕಾ."

ಪ್ರಭುಲಿಂಗ ಪರದೆಯ ಹತ್ತಿರ ಸರಿದು ಕಣ್ಣು ಕಿರಿದು ಮಾಡಿದ. ಆ ಹೆಂಗಸಿನ ಬೆನ್ನ ಹಿಂದೆ, ಗೋಡೆಯ ಮೇಲೆ, ಪೊದೆಮೀಸೆಯ ಮುದುಕನೊಬ್ಬನ ದೊಡ್ಡ ಚಿತ್ರವಿತ್ತು.

"ಅಂವಾ ಯಾರ್ರಿ?"

"ಕಂಪನಿ ಕಟ್ಟಿದವರು. ನೂರೈವತ್ತ ವರ್ಷ ಆತು, ಇನ್ನೂ ಅವರ ಹೆಸರ ಮ್ಯಾಲೇ ನಡದೈತಿ."

"ಹಂಗಾರ ಕೇಳ್ರಿ ಅಕ್ಕಾರ, ಅಂವಾ ಇವತ್ತ ಎಷ್ಟ ಗಂಟೆಕ್ಕ ಡ್ಯೂಟಿಗೆ ಬಂದಾನಂತ."